ಇಣಿ ಬಿದ್ದ ಬಸವಣ್ಣ

ನಮ್ಮ ಮನೆಯಲ್ಲಿ ಕಟ್ಟಿಗೆಯ ಪ್ರಾಣಿ ಮಾಡುವವಳು ನಾನೇ. ಮಧ್ಯಾಹ್ನ ಭಾಂಡಿ ತೊಳೆದು, ಅಂಗಳದ ನೆರಳಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂತೆನೆಂದರೆ ಸಂಜೆಯ ಚಹಾದವರೆಗೆ ಉಳಿ, ಸಣ್ಣ ಕೊಡತಿ, ಪಾಲಿಶ್ ಪೇಪರ್ ಇಷ್ಟೇ ನನ್ನ ಲೋಕ. ಬೇವಿನ ಕಟ್ಟಿಗೆಯನ್ನು ಮೊದಲು ನೆರಳಲ್ಲಿ ಒಣಗಿಸಬೇಕು; ಹಸಿ ಇರುವಾಗಲೇ ಕೆತ್ತಿದರೆ ಆಮೇಲೆ ಸೀಳು ಬಿಡುತ್ತದೆ. ಇದು ನನಗೆ ಗೊತ್ತಿಲ್ಲದ ಮಾತಲ್ಲ.

ಹೋದ ವರ್ಷ ಅಕ್ಕನ ಮಗನ ಮದುವೆಯ ಹೊತ್ತಿಗೆ ಎರಡು ಎತ್ತು ಕೆತ್ತಿದ್ದೆ. ಒಂದು ಚೆನ್ನಾಗಿ ಬಂತು. ಇನ್ನೊಂದನ್ನು ಅವಸರಕ್ಕೆ ಹಸಿ ಕಟ್ಟಿಗೆಯಲ್ಲೇ ಮಾಡಿದ್ದರಿಂದ ಬೆನ್ನ ಮೇಲೆ ಡುಬ್ಬದಂತೆ ಎದ್ದ ಇಣಿ ಸೀಳಿ ಅರ್ಧ ಕಳಚಿತು. ಕಟ್ಟಿಗೆಯ ಪುಡಿಯನ್ನು ಗೋಂದಿನಲ್ಲಿ ಕಲಸಿ ಅಲ್ಲಿ ಮೆತ್ತಿ, ಮೇಲೆ ಬಣ್ಣ ಬಳಿದೆ. ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಚೆನ್ನಾಗಿದ್ದದ್ದನ್ನು ಶಾಲೆಯಲ್ಲಿ ಕಲಿಸುವ ಅಕ್ಕೋರು ಕೇಳಿದರೆಂದು ಪ್ರದರ್ಶನಕ್ಕೆ ಕೊಟ್ಟುಬಿಟ್ಟೆ. ಮೆತ್ತಿದ್ದನ್ನು ಅಕ್ಕನ ಊರು ತಿಕೋಂಡಿಗೆ ಒಯ್ದು ಅಕ್ಕನ ಹೊಸ ಸೊಸೆಯ ಕೈಗಿಟ್ಟು, “ಮುಂದ ಕೂಸು ಹುಟ್ಟಿದ್ರ ಆಡ್ಲಿ” ಎಂದೆ. ಮನೆಯವರೇ ಅಲ್ಲವೇ, ನಡೆಯುತ್ತದೆ ಅಂದುಕೊಂಡಿದ್ದೆ.

ಈ ಶ್ರಾವಣದಲ್ಲಿ ಮತ್ತೆ ಹೋದೆ. ಅಕ್ಕ ಮಾಳಿಗೆಯ ಮೇಲೆ ಹೆಸರುಕಾಳು ಒಣಹಾಕುತ್ತಿದ್ದವಳು ಸರಸರ ಏಣಿ ಇಳಿದು ಬಂದಳು. ಚಹಾ ಕೊಟ್ಟ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಳು.

“ತಂಗೀ, ಸಿಟ್ಟಿಗೇಳಬ್ಯಾಡ. ನಿನ್ನ ಬಸವಣ್ಣ ಒಡದಾನ.”

ನಾನು ಕೊಟ್ಟದ್ದು ಆಟದ ಎತ್ತು. ಅವಳು ಅದನ್ನು ನೆಲಕ್ಕೆ ತಾಗಿಸಿರಲೇ ಇಲ್ಲ. ದೇವರ ಜಗಲಿಯ ಮೇಲೆ ಲಿಂಗದ ಮುಂದೆ ಕೂಡಿಸಿ, ದಿನಾ ಸೊಸೆಯ ಕೈಯಿಂದ ನೀರೆರೆಸಿ, ವಿಭೂತಿ ಹಚ್ಚಿಸಿ ಪೂಜೆ ನಡೆಸಿದ್ದಳು. ದಿನಾ ನೀರು ಬಿದ್ದರೆ ಗೋಂದು ಹೇಗೆ ತಡೆದೀತು?

“ತೊಳಿಯಾಕ ಹೋಗಿ ಇಣೀನ ಕಿತ್ತಾಳ ನೋಡು. ಅಕೀ ಕೈಯೋ, ಕಬ್ಬಣದ ಸಳಾಕಿಯೋ! ತವರುಮನ್ಯಾಗ ಬರೇ ಭಾಂಡಿ ತಿಕ್ಕಿರಬೇಕು. ಅವತ್ತಿಂದ ದೇವರ ಹತ್ರ ಬರಗೊಟ್ಟಿಲ್ಲ ನಾ.”

ಸೊಸೆ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಸಪ್ಪಳ ನಿಂತಿತು, ಮತ್ತೆ ಶುರುವಾಯಿತು.

ಆಗಲೇ ಹೇಳಬೇಕಿತ್ತು. ನಾನು ಅಂದದ್ದು ಬೇರೆ. “ಕಟ್ಟಿಗಿ ಅಂದಮ್ಯಾಲ ಹಂಗ ಆಗ್ತದ ಅಕ್ಕಾ. ಹೋಗ್ಲಿ ಬಿಡು, ಅಕೀಗೇನೂ ಅನ್ನಬ್ಯಾಡ.”

“ಕೇಳಿದ್ಯಾ?” ಎಂದು ಅಕ್ಕ ಒಳಗೆ ಕೂಗಿದಳು. “ಮಾಡಿದಾಕೀನ ನಿನ್ನ ಮ್ಯಾಲ ಸಿಟ್ಟಾಗವಲ್ಲಳು. ದೊಡ್ಡ ಮನಸು ಬೇಕವಾ ಇದಕ್ಕ!”

ಸೊಸೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, “ತಪ್ಪಾತ್ರಿ ಸಣ್ಣತ್ತಿ” ಎಂದಳು.

ಕಪ್ಪು ಕೆಳಗಿಟ್ಟು, ಕೈಕಾಲು ತೊಳೆಯುವುದನ್ನೂ ಮರೆತು ಜಗಲಿಗೆ ಹೋದೆ. ಬಸವಣ್ಣನನ್ನು ತಂದು ಅಕ್ಕನ ಎದುರು ಕೂತು, ಮೆತ್ತಿದ್ದರಲ್ಲಿ ಉಳಿದದ್ದನ್ನು ಉಗುರಿನಿಂದ ಕೆರೆದೆ. ಒದ್ದೆ ಪುಡಿ ಅಂಗೈಗೆ ಉದುರಿತು.

“ಇದು ಕಟ್ಟಿಗಿ ಅಲ್ಲ ಅಕ್ಕಾ, ನಾ ಮೆತ್ತಿದ ಪುಡಿ. ಕೊಡೂಮುಂದನ ಸೀಳಿತ್ತು. ಹುಡಿಗೀದು ಏನೂ ತಪ್ಪಿಲ್ಲ.”

ಅಕ್ಕ ನನ್ನ ಅಂಗೈಯಿಂದ ಒಂದು ಚಿಟಿಕೆ ಪುಡಿ ತೆಗೆದು ಬೆರಳಲ್ಲಿ ಹೊಸೆದಳು. ಬೈದಿದ್ದರೆ ಚೆನ್ನಾಗಿತ್ತು.

“ಎರಡು ಮಾಡೀನಿ ಅಂದಿದ್ದಿ. ಚಲೋದು ಯಾರಿಗೆ ಕೊಟ್ಟಿ?”

“ಸಾಲಿಯವರಿಗೆ.”

“ಹ್ಞೂಂ.” ಆಮೇಲೆ ಸೊಸೆಯ ಕಡೆ ತಿರುಗಿದಳು. “ನಾನೂ ಸುಮ್ಮಸುಮ್ಮನ ಅಂದೆವಾ ನಿನಗ. ಸಂಜೀ ದೀಪಾ ನೀನ ಹಚ್ಚು.”

“ಒಣಗಿದ ಕಟ್ಟಿಗೀಲೆ ಇನ್ನೊಂದು ಮಾಡಿ ತರ್ತೀನಿ” ಎಂದೆ.

“ಬ್ಯಾಡ ತಂಗಿ. ಜತ್ತಿನ ಪ್ಯಾಟಿಗೆ ಹೋದಾಗ ಹಿತ್ತಾಳೀದು ತರ್ತೀವಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಬಾಗಿಲಿಗೆ ಬಂದ ವ್ಯಾಪಾರಿಗೆ ಹೇಳುವ ಹಾಗೆ ಹೇಳಿದಳು.

ಎಸ್‌ಟಿ ಬಸ್ಸು ಹತ್ತಿಸಲು ಪ್ರತಿ ಸಲ ಅಕ್ಕನೇ ಬರುವವಳು, ಬಸ್ಸು ಮರೆಯಾಗುವವರೆಗೂ ನಿಲ್ಲುವವಳು. ಈ ಸಲ ನನ್ನ ಚೀಲ ಹೊತ್ತು ಸೊಸೆ ಬಂದಳು. ಬಸ್ಸು ಬಂದಾಗ ಚೀಲ ಕೊಡುತ್ತ, ನನ್ನ ಮುಖ ನೋಡದೆ, “ಅತ್ತೀದು ಮೊಣಕಾಲು ನೋಯಾಕತ್ತಾವರಿ, ಇಲ್ಲಾಂದ್ರ ಬರ್ತಿದ್ರು” ಎಂದಳು.

“ಹೌದವಾ, ಜ್ವಾಪಾನ ಮಾಡ್ಕೊ ಅನ್ನು” ಎಂದು ನಾನು ಬಸ್ಸು ಹತ್ತಿದೆ.