ಕೈ ಹಾಕಿ ನೋಡದೆ ಕೊಂಡ ಡಬ್ಬಿ

ಎರಡು ಸಾವಿರದ ಇನ್ನೂರು ರೂಪಾಯಿ. ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುವ ಪುಡಿಯ ಒಂದು ಡಬ್ಬಿಗೆ ಕೊಟ್ಟಿದ್ದು. ಮಾರುವವನು ಹೇಳಿದ್ದು ನಾಲ್ಕು ಸಾವಿರ. ಫೋನಿನಲ್ಲೇ ಚೌಕಾಶಿ ಮಾಡಿ ಇಳಿಸಿದವನು ನಾನು! (ಬೈಲಹೊಂಗಲದ ಹತ್ತಿ ವ್ಯಾಪಾರದಲ್ಲಿ ತಲೆ ನರೆತದ್ದು ಸುಮ್ಮನೆಯೇ?)

ಡಬ್ಬಿ ನನಗಲ್ಲ, ಮಾಬುಸಾಬನಿಗೆ. ನನ್ನ ಹತ್ತಿ ಸಾಗಿಸುವ ಸವದತ್ತಿಯ ಲಾರಿ ಡ್ರೈವರ್. ಹಳೇ ಶುಗರ್ ಪೇಶಂಟ್. ಅವನ ಫೋನಿಗೆ ಈ ಪುಡಿಯ ಒಂದು ವಿಡಿಯೊ ಬಂದಿತ್ತು, ಕೆಳಗೆ ಫೋನ್ ನಂಬರು. ಬಿಳಿ ಕೋಟು, ಕೊರಳಲ್ಲಿ ಸ್ಟೆತೊಸ್ಕೋಪು, ಹಿಂದೆ ಗೋಡೆ ತುಂಬ ಸರ್ಟಿಫಿಕೇಟು. ಇನ್ನೇನು ಬೇಕು?

"ಸಾವಕಾರ್ರ, ನೀವ ಮಾತಾಡ್ರಿ. ರೇಟ್ ಇಳಸೂದ್ರಾಗ ನಿಮ್ಮನ್ನ ಬಿಟ್ರ ಯಾರದಾರ?"

ಇಷ್ಟು ಹೊಗಳಿದ ಮೇಲೆ ಬಿಡುವುದುಂಟೇ? ಇಳಿಸಿದೆ. ಇಷ್ಟು ಇಳಿದ ಮೇಲೆ ಮಾಲು ಒಳ್ಳೆಯದೇ ಇರಬೇಕು ಎಂದು ಇಬ್ಬರೂ ಚಹಾ ಕುಡಿದೆವು.

ಪುಡಿ ಶುರುವಾಯಿತು, ಡಾಕ್ಟರು ಕೊಟ್ಟ ಗುಳಿಗೆ ನಿಂತಿತು. ಎರಡೂ ಸೇರಬಾರದು ಅಂತ ವಿಡಿಯೊದವನೇ ಹೇಳಿದ್ದನಲ್ಲ.

ಹೋದ ವಾರ ಉಗರಗೋಳದ ಹತ್ತಿರ ಲಾರಿ ಓಡಿಸುವಾಗ ಮಾಬುಸಾಬನ ಕಣ್ಣು ಮಂಜಾಯಿತು. ಹೇಗೋ ಲಾರಿಯನ್ನು ಬದಿಗೆ ಹಾಕಿದ. ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ.

ನಾನು ಆಸ್ಪತ್ರೆಗೆ ಹೋದಾಗ ಅವನ ಹೆಂಡತಿ ಹಾಜರಾಬಿ ಮಂಚದ ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ಶುಗರ್ ಹದಕ್ಕೆ ಬಂದು ಕಣ್ಣು ತಿಳಿಯಾಗುವವರೆಗೆ ಸ್ಟೇರಿಂಗ್ ಮುಟ್ಟಬೇಡ ಎಂದು ಡಾಕ್ಟರು ಹೇಳಿ ಹೋಗಿದ್ದರು. ತಿಳಿಯಾಗದಿದ್ದರೆ?

"ಅಣ್ಣಾರ, ಇದರ ಮ್ಯಾಲ ಏನ್ ಬರದಾರ, ಸ್ವಲ್ಪ ಓದ್ರಿ."

ಕನ್ನಡಕ ಏರಿಸಿದೆ. ಸಿಂಹದ ಚಿತ್ರವಿತ್ತು. ಒಳಗೆ ಏನಿದೆ, ಮಾಡಿದವರು ಯಾರು? ಒಂದಕ್ಷರವಿಲ್ಲ.

ಅವಳು ಗಂಡನ ಕಡೆ ತಿರುಗಿದಳು. "ನಮ್ಮ ಡಾಕ್ಟರನ್ನ ಒಂದ್ ಮಾತ್ ಕೇಳಬಾರ್ದಿತ್ತೇನ್ರಿ?"

"ಅವರು ಬರೇ ಬೈತಾರ. ಬೀಡಿ ಬಿಡು ಅಂತಾರ. ಫೋನಿನಂವ ಎಷ್ಟ್ ಪ್ರೀತಿಲೆ ಮಾತಾಡ್ದಾ!"

"ರೊಕ್ಕಾ ತಗೊಳ್ಳಾಂವ ಮತ್ತ ಜಗಳಾ ಆಡ್ತಾನೇನ್ರಿ?" ಎಂದವಳು ನನ್ನತ್ತ ನೋಡಿದಳು. "ಅಣ್ಣಾರ, ನೀವು ಹತ್ತಿ ಚೀಲದ ನಡುವ ಕೈ ಹಾಕಿ ತಗದ್ ನೋಡದನ ದರಾ ಹೇಳೂದಿಲ್ಲಂತ. ಖರೇ ಏನ್ರಿ?"

"ಖರೇ ಐತಿ ತಂಗಿ" ಎಂದೆ.

ನಾವು ಗಂಡಸರು ಬಹಳ ಶಾಣ್ಯಾರು. ಹತ್ತಿಯ ದರವನ್ನು ನಾಲ್ಕು ಕಡೆ ಫೋನ್ ಹಚ್ಚಿ ಕೇಳುತ್ತೇವೆ. ಲಾರಿಯ ಟೈರನ್ನು ತಟ್ಟಿ, ಬಗ್ಗಿ ನೋಡಿ ಕೊಳ್ಳುತ್ತೇವೆ. ಮೈಯನ್ನು ಮಾತ್ರ ಮೊದಲು ಸಿಕ್ಕ ವಿಡಿಯೊಗೆ ಒಪ್ಪಿಸುತ್ತೇವೆ. ಡಾಕ್ಟರ ಮುಂದೆ 'ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ' ಅಂದರೆ ಮೀಸೆ ಬಾಗುತ್ತದಲ್ಲ! ಫೋನಿನ ಮುಂದೆ ಆ ತೊಂದರೆಯೇ ಇಲ್ಲ.

ನನ್ನ ಸಲಹೆ (ಬಿಟ್ಟಿ, ಚೌಕಾಶಿ ಬೇಡ): ಯಾವ ವಿಡಿಯೊ ಏನೇ ಹೇಳಲಿ, ನಡೆದಿರುವ ಗುಳಿಗೆ ನಿಲ್ಲಿಸಬೇಡಿ. ಫೋನು, ಡಬ್ಬಿ ಎರಡನ್ನೂ ಹಿಡಿದು ನಿಮ್ಮನ್ನು ಬೈಯುವ ಡಾಕ್ಟರ ಬಳಿಗೇ ಹೋಗಿ. ಬೈಯುವವರು ನಾಳೆಯೂ ಅದೇ ಕುರ್ಚಿಯಲ್ಲಿ ಸಿಗುತ್ತಾರೆ. ಪ್ರೀತಿಯಿಂದ ಮಾತಾಡಿದವನ ನಂಬರಿಗೆ ನಾನು ಆಸ್ಪತ್ರೆಯಿಂದಲೇ ಹಚ್ಚಿ ನೋಡಿದೆ, ಸ್ವಿಚ್ ಆಫ್.