ಹೆಸರು ಹೇಳದ ಬಳ್ಳಿ

ಶಾಲು ಹೊದಿಸಲು ಬಂದ ಕೈಯನ್ನು ಮೋನಮ್ಮ ತುಂಬಿದ ಸಭೆಯಲ್ಲೇ ತಳ್ಳಿಬಿಟ್ಟಳು. ಶಹಾಪುರದ ಗುಡ್ಡದ ಬುಡದಲ್ಲಿ ‘ಔಷಧಿ ವನ’ದ ಉದ್ಘಾಟನೆ. ನಲವತ್ತು ವರ್ಷದಿಂದ ದಮ್ಮಿನವರಿಗೆ ಮದ್ದು ಕೊಟ್ಟ ಮುದುಕಿಗೆ ಸನ್ಮಾನವಂತೆ! ಅವಳ ಮದ್ದನ್ನು ಬೇರುಸಮೇತ ಕಿತ್ತವರಿಂದಲೇ ಸನ್ಮಾನ. ಹೊಟ್ಟೆ ಉರಿಯದೆ ಇನ್ನೇನಾದೀತು?

ಆ ಮದ್ದು ಒಂದು ಬಳ್ಳಿಯ ಎಲೆ. ಕೂಲಿ ಮುಗಿಸಿ ಗುಡ್ಡಕ್ಕೆ ಹೋಗಿ ಮೋನಮ್ಮ ಅದನ್ನು ತರುತ್ತಿದ್ದಳು. ಅತ್ತೆ ಕಲಿಸಿದ ಕಟ್ಟಳೆ ಬಿಗಿಯಾಗಿತ್ತು: ಒಂದು ಹಿಡಿಗಿಂತ ಹೆಚ್ಚು ಹರಿಯಬಾರದು, ಬೇರು ಮುಟ್ಟಬಾರದು. ಎಲ್ಲಕ್ಕಿಂತ ದೊಡ್ಡದು, ಯಾರಿಗೂ ಹೆಸರು ಹೇಳಬಾರದು. ಹೇಳಿದರೆ ಮದ್ದಿನ ಸತುವು ಹೋಗುತ್ತದೆ. ಹಾಗಾಗಿ ಕದ ಹಾಕಿಕೊಂಡು ಎಲೆ ಅರೆದು, ಮೆಣಸು ಬೆರೆಸಿ ಗುಳಿಗೆ ಕಟ್ಟುತ್ತಿದ್ದಳು. ಕೆಂಭಾವಿಯಿಂದ ಬಸ್ಸಿನಲ್ಲಿ ಬರುವವರಿಗೂ ಅದೇನೆಂದು ಗೊತ್ತಿಲ್ಲ. ಥಂಡಿ ಬಿತ್ತೆಂದರೆ ಉಸಿರು ಸಿಗದೆ ಕೂತೇ ನಿದ್ದೆ ಮಾಡುವ ತಾಂಡಾದ ಪಾರ್ವತಿಬಾಯಿಗೂ ಗೊತ್ತಿಲ್ಲ.

ಶ್ರಾವಣದಲ್ಲಿ ವನ ಮಾಡಿಸುವ ಸಾಹೇಬ ಅರುಣಕುಮಾರ ಬಂದಿದ್ದ. ಜೀಪಿನಿಂದ ಇಳಿಯದೆ ಕೇಳಿದ.

“ಅಮ್ಮಾ, ನಾಳಿ ಜೆಸಿಬಿ ಬರತದ. ಇಲ್ಲಿ ಮದ್ದಿನ ಗಿಡ ಏನರ ಅದಾವೇನ್ರಿ?”

ಹೇಳಿದರೆ ಸತುವೂ ಹೋಗುತ್ತದೆ, ಬಳ್ಳಿಯೂ ಇವನ ಪಾಲಾಗುತ್ತದೆ ಎಂದುಕೊಂಡಳು ಮೋನಮ್ಮ. ಬಳ್ಳಿ ಇದ್ದ ಬಂಡೆಯ ಸಂದಿಗೆ ಯಂತ್ರ ಬಾರದೆಂಬ ನಂಬಿಕೆ ಬೇರೆ.

“ಏನೂ ಇಲ್ರಿ ಸಾಹೇಬ್ರ. ಬರೇ ಕಸ.”

ಅವನು ಕಸವೆಂದೇ ಬರೆದುಕೊಂಡ. ಇಳಿದು ನೋಡಿದ್ದರೆ ಕಾಲು ಸವೆಯುತ್ತಿತ್ತೇ? ಮರುದಿನ ಅವಳು ಹತ್ತಿಹೊಲದಿಂದ ಬರುವಷ್ಟರಲ್ಲಿ ಬಂಡೆಗಳೂ ಉರುಳಿ, ಗುಡ್ಡದ ಬುಡ ಬೋಳಾಗಿತ್ತು. ಕಿತ್ತು ಒಟ್ಟಿದ ಕಸದಲ್ಲಿ ಮೂರು ದಿನ ತಡಕಿದಾಗ ಜೀವವಿದ್ದ ಒಂದೇ ಒಂದು ಬೇರು ಸಿಕ್ಕಿತು.

ಈಗ ಬಳ್ಳಿ ಇದ್ದ ಜಾಗದಲ್ಲಿ ತುಳಸಿ ಕುಂಡಗಳು, ಪಕ್ಕದಲ್ಲಿ ದೊಡ್ಡ ಬೋರ್ಡು. ಮೋನಮ್ಮ ಸೆರಗಿನ ಮರೆಯಿಂದ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಅದರಲ್ಲಿ ಆ ಬೇರಿನಿಂದ ಚಿಗುರಿದ ಗೇಣುದ್ದದ ಬಳ್ಳಿ.

“ಎಲ್ಲಾರೂ ನೋಡ್ಕೊಳ್ರಿ. ಇದು ಆಡುಮುಟ್ಟದ ಬಳ್ಳಿ. ದಮ್ಮಿಗಿ ನಾ ಕೊಡತಿದ್ದದ್ದು ಇದನ್ನ. ಹೆಸರು ಹೇಳಿದ್ರ ಸತುವು ಹೋಗತದಂತ ಬಾಯಿ ಮುಚ್ಚಿದ್ದೆ. ಹೇಳಲಾರದಕ್ಕ ಬಳ್ಳಿನೇ ಹೋತು! ಸಾಹೇಬ್ರ, ನಾ ಕಸ ಅಂದೆ, ನೀವು ಕಣ್ಣು ಮುಚ್ಚಿ ಕಿತ್ತಿಸಿದ್ರಿ. ನನ್ನ ಬಾಯಿಗಿ ಬೆಂಕಿ ಹಾಕ!”

ಅರುಣಕುಮಾರ ಶಾಲು ಮಡಚುತ್ತ ನಿಂತ. ಪಾರ್ವತಿಬಾಯಿ ಏದುಸಿರು ಬಿಡುತ್ತ ಮುಂದೆ ಬಂದಳು. ದೀಪಾವಳಿ ಮುಗಿದು ಥಂಡಿ ಶುರುವಾಗಿತ್ತು.

“ಮೋನಕ್ಕ, ಈ ಥಂಡಿಗಿ ನನಗ ಗುಳಿಗಿ?”

“ಇಲ್ಲವ್ವ. ಇರೋದು ನಾಕ ಎಲಿ, ಹರದ್ರ ಇದೂ ಸಾಯತದ. ಈ ವರ್ಸ ದವಾಖಾನಿಗಿ ಹೋಗು.”

ಮೋನಮ್ಮ ಡಬ್ಬಿಯನ್ನು ಪಾರ್ವತಿಬಾಯಿಯ ಕೈಗಿಟ್ಟು ಗದರಿದಳು.

“ಹಿಡಿ, ನೀನೇ ನೀರು ಹಾಕು. ಏನಿದರ ಹೆಸರು? ಹೇಳು, ಎಲ್ಲಾರಿಗೂ ಕೇಳೂಹಂಗ ಹೇಳು!”

ಪಾರ್ವತಿಬಾಯಿ ಉಸಿರು ಎಳೆದುಕೊಂಡು, ಎರಡು ಸಲ ತಡೆದು, ಹೆಸರು ಹೇಳಿದಳು.