ಬಾಲಿಯ ಅಲೆಯಿಂದ ಎತ್ತಿದ್ದು ಯಾರು?

1990ರ ಜುಲೈ ತಿಂಗಳ ಕೊನೆ. ಆಗ ನಾನು ಕುವೈತಿನ ರಾಯ್‌ನಲ್ಲಿ ಬೆತ್ತದ ಕುರ್ಚಿ, ಸೋಫಾಗಳ ಶೋರೂಮ್ ನಡೆಸುತ್ತಿದ್ದೆ. ದುಡಿಮೆ ನನ್ನದು, ಹೆಸರು ಕಫೀಲನದು, ಅಂದರೆ ನಮಗೆ ಜಾಮೀನು ನಿಂತ ಕುವೈತಿಯದು. ಅಲ್ಲಿಯ ಪದ್ಧತಿಯೇ ಹಾಗೆ. ಅಂಗಡಿಯ ಬೋರ್ಡು, ನಮ್ಮ ವೀಸಾ ಎಲ್ಲ ಅವನ ಕೈಯಲ್ಲಿ; ಪಾಸ್‌ಪೋರ್ಟ್ ಕೂಡ ಅವನ ಕಪಾಟಿನಲ್ಲಿ. ನನ್ನ ಕಫೀಲನನ್ನು ಎಲ್ಲರೂ ಬೂ ನಾಸರ್ ಎನ್ನುತ್ತಿದ್ದರು. ಅವನ ಅಪ್ಪ ಮುತ್ತಿಗಾಗಿ ಸಮುದ್ರದ ತಳಕ್ಕೆ ಇಳಿಯುತ್ತಿದ್ದವರಂತೆ, ಆಮೇಲೆ ಹಡಗಿನಲ್ಲಿ ಬೊಂಬಾಯಿಗೆ ಖರ್ಜೂರ ತಂದವರಂತೆ. ಹಾಗಾಗಿ ಬೂ ನಾಸರನಿಗೆ ಹಿಂದಿ ಸಲೀಸಾಗಿ ಬರುತ್ತಿತ್ತು.

ಹೊಸ ಮಾಲು ಆರಿಸಲು ಅವನು ನನ್ನನ್ನು ಬಾಲಿ ದ್ವೀಪಕ್ಕೆ ಕರೆದುಕೊಂಡು ಹೋದ. ಚೌಕಾಶಿಗೆ ನಾನು ಬೇಕಿತ್ತು. ಹೊರದೇಶದಲ್ಲಿ ವ್ಯಾಪಾರಕ್ಕೆ ಹೋಗುವವರಿಗೆ ಒಂದು ಮಾತು ಹೇಳುತ್ತೇನೆ: ಚೆಂದ ಕಂಡ ವಸ್ತುವನ್ನು ಮೊದಲು ಮುಟ್ಟಬೇಡಿ, ಅದರ ಪಕ್ಕದ್ದನ್ನು ಮುಟ್ಟಿ. ಕೆಲಸ ಬೇಗ ಮುಗಿಯಿತು. ಮೂರ್ನಾಲ್ಕು ದಿನ ಉಳಿದದ್ದರಿಂದ ಜಗತ್ತಿನ ಮೂಲೆ ಮೂಲೆಯಿಂದ ಜನ ಅಲೆಯ ಮೇಲೆ ಹಲಗೆ ಓಡಿಸಲು ಬರುವ ಉಲುವಾಟು ಎಂಬ ಕಡಲತೀರಕ್ಕೆ ಹೋದೆವು.

ತೀರ ಎಂದರೆ ನಮ್ಮ ಮಲ್ಪೆಯಂತೆ ಉದ್ದನೆಯ ಮರಳಲ್ಲ. ಎತ್ತರದ ಬಂಡೆಗೋಡೆ, ಅದರೊಳಗೆ ಒಂದು ಗುಹೆ. ಏಣಿ ಇಳಿದು ಗುಹೆಯ ಬಾಯಿಂದ ಹೊರಬಂದರೆ ಮೊಣಕಾಲು ನೀರು, ಅಡಿಯಲ್ಲಿ ಗರಗಸದಂಥ ಹವಳದ ಹಾಸು. ದೂರದಲ್ಲಿ ಮನೆಯಷ್ಟು ಎತ್ತರದ ಅಲೆ ಎದ್ದು, ಸುರುಳಿ ಸುತ್ತಿ, ಆ ಹಾಸಿನ ಅಂಚಿಗೇ ಒಡೆಯುತ್ತಿತ್ತು. ಸದ್ದು ಎದೆಗೆ ಬಡಿಯುತ್ತಿತ್ತು.

ನಾವು ಇಳಿದಾಗ ಸಮುದ್ರ ಸ್ವಲ್ಪ ಸುಮ್ಮನಿತ್ತು. ಬೂ ನಾಸರ್ ಪ್ಯಾಂಟು ಮಡಚಿ ಹೊರಟ. ಮಲ್ಪೆಯ ಮೀನುಗಾರರ ಮನೆಯವನಾದ ನಾನು, ಅಲೆಗಳು ಗುಂಪಾಗಿ ಬರುತ್ತವೆ, ಈಗ ನಡುವಿನ ಬಿಡುವು, ಬೇಡ ಎಂದೆ. ಅವನು ನಕ್ಕ. "ಮೀನು ಹಿಡಿಯುವವನು ಮುತ್ತು ತೆಗೆಯುವವನಿಗೆ ಪಾಠ ಹೇಳ್ತಾನೆ, ನೋಡು" ಎಂದು ಮುಂದೆ ಹೋದ.

ಅಲೆಗಳ ಮುಂದಿನ ಗುಂಪು ಬಂದದ್ದು ಅವನು ನನ್ನತ್ತ ತಿರುಗಿ ಕೈಬೀಸುತ್ತಿದ್ದಾಗ, ಬೆನ್ನ ಹಿಂದಿನಿಂದ. ಮೊದಲ ಅಲೆಯ ನೊರೆ ಅವನನ್ನು ಹವಳದ ಮೇಲೆ ಕೆಡವಿತು. ಎರಡನೆಯದು ಎತ್ತಿ ಗುಹೆಯ ಬಾಯಿಂದ ಆಚೆ, ಪಕ್ಕಕ್ಕೆ ಎಳೆಯತೊಡಗಿತು. ಅವನ ತಲೆ ಒಮ್ಮೆ ಕಂಡಿತು, ಮತ್ತೆ ಕಾಣಲಿಲ್ಲ. ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಬಹುಶಃ ಹೋಗುತ್ತಿರಲಿಲ್ಲ. ಸೆಳೆತದ ಜೊತೆಯೇ ಈಜಿ ಅವನ ಅಂಗಿಯ ಕಾಲರ್ ಹಿಡಿದೆ. ಅವನು ನನ್ನ ಕುತ್ತಿಗೆಗೆ ಜೋತುಬಿದ್ದ. ಕೆನ್ನೆಗೆ ಒಂದು ಬಾರಿಸಿ ಬಿಡಿಸಿಕೊಂಡೆ. ಮುಂದಿನ ನೊರೆ ಇಬ್ಬರನ್ನೂ ಒಂದು ಬಂಡೆಯ ಸಂದಿಗೆ ಒಗೆಯಿತು. ಅಲ್ಲಿಂದ ಅವನನ್ನು ಎಳೆದುಕೊಂಡು ಗುಹೆ ಸೇರಿದೆ. ಅವನು ಉಪ್ಪುನೀರು ಕಾರುತ್ತ, ಮಗುವಿನ ಹಾಗೆ ಅತ್ತ.

ಎರಡು ದಿನ ಕಳೆದು ಹೋಟೆಲಿನ ಟಿವಿಯಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಸುದ್ದಿ ಬಂತು. ಸೌದಿಯ ನೆಂಟರ ಮನೆಗೆ ಹೊರಟ ಬೂ ನಾಸರ್, ಪ್ರಯಾಣದಲ್ಲೂ ತಾನೇ ಇಟ್ಟುಕೊಂಡಿದ್ದ ನನ್ನ ಪಾಸ್‌ಪೋರ್ಟನ್ನು ಕೈಗಿತ್ತು, "ದೇಶ ವಾಪಸ್ ಸಿಕ್ಕರೆ ಮೊದಲು ಕರೆಯುವುದು ನಿನ್ನನ್ನೇ, ಭಾಯಿ" ಎಂದ. ನಾನು ಊರಿಗೆ ಬಂದೆ.

ಮಾತು ಉಳಿಸಿಕೊಂಡ. 1991ರಲ್ಲಿ ಕುವೈತ್ ಬಿಡುಗಡೆಯಾದ ಮೇಲೆ ನನಗೆ ವೀಸಾ ಬಂತು. ಹೋಗಿ ಇಳಿದಾಗ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು, ಹಗಲಿಗೇ ಕಪ್ಪು. ರಾಯ್‌ನ ಶೋರೂಮಿನಲ್ಲಿ ಇರಾಕಿನವರು ಒಂದು ಸ್ಟೂಲು ಕೂಡ ಬಿಟ್ಟಿರಲಿಲ್ಲ, ಫ್ಯಾನುಗಳನ್ನೂ ಕಿತ್ತೊಯ್ದಿದ್ದರು. ಚಿಂತೆ ಇಲ್ಲ, ಮೊದಲಿನಿಂದ ಕಟ್ಟುತ್ತೇನೆ ಎಂದುಕೊಂಡೆ. ಇಕಾಮಾ, ಅಂದರೆ ವಾಸದ ಪರವಾನಗಿ, ಒಂದು ಆಗಬೇಕಿತ್ತು. ಅದಕ್ಕೆ ಅವನ ಸಹಿ ಬೇಕು. ಇಕಾಮಾ ಇಲ್ಲದೆ ಅಲ್ಲಿ ಇರುವಂತೆಯೇ ಇಲ್ಲ. ಊರಿನಲ್ಲಿ ನನಗೆ ಬೇರೆ ದಾರಿಯೂ ಇರಲಿಲ್ಲ.

ಸಂಜೆ ಅವನ ದಿವಾನಿಯಾಕ್ಕೆ ಬರಹೇಳಿದ. ದಿವಾನಿಯಾ ಎಂದರೆ ಗಂಡಸರು ಸೇರಿ ಕಾಫಿ ಕುಡಿದು ಮಾತಾಡುವ ಮನೆಯ ಮುಂದಿನ ಕೋಣೆ. ನೆಂಟರು, ವ್ಯಾಪಾರಿಗಳು ಗೋಡೆಗೊರಗಿ ಕೂತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಬೂ ನಾಸರ್, ಇವನೇ ನೋಡಿ ಎಂದು ಎಲ್ಲರಿಗೂ ತೋರಿಸಿದ. ಬಾಲಿಯ ಅಲೆ, ಹವಳ, ಸೆಳೆತ ಎಲ್ಲ ಬಂತು. ನಡೆದದ್ದು ನಡೆದ ಹಾಗೆಯೇ ಇತ್ತು, ಆಳುಗಳು ಮಾತ್ರ ಅದಲುಬದಲು. ಮುಳುಗಿದವನು ನಾನು. ಮುತ್ತಿನವರ ಮಗ ಹಾರಿ ನನ್ನ ಕಾಲರ್ ಹಿಡಿದನಂತೆ. ಕೆನ್ನೆಗೆ ಬಾರಿಸಿದ್ದನ್ನೂ ಬಿಡಲಿಲ್ಲ. ಎಲ್ಲರೂ ನಕ್ಕರು.

ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ: "ಹೇಳು ಭಾಯಿ, ಹೌದೋ ಅಲ್ಲವೋ?"

ಮುಖ ನೋಡಿದೆ. ಅವನು ಸುಳ್ಳು ಹೇಳುತ್ತಿದ್ದಾನೆ ಅನಿಸಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

"ಹೌದು ಬಾಬಾ" ಎಂದೆ.

ಕಾಫಿ ಕೊಡುತ್ತಿದ್ದ ಕುಂದಾಪುರದ ಶೇಖರ ನನ್ನ ಕಪ್ಪಿಗೆ ಬಗ್ಗಿ ಮೆಲ್ಲನೆ ಕೇಳಿದ: "ಎಂತ ಮಾರಾಯ್ರೆ, ಮಲ್ಪೆಯವರು ಅಂದ್ರಿ. ಈಜು ಬತ್ತಿಲ್ಯಾ?"

ವಾರದೊಳಗೆ ಇಕಾಮಾ ಆಯಿತು. ಆ ಕಥೆಯೂ ಕುವೈತಿನ ಮಿರ್ಕಾಬ್‌ನಿಂದ ಮಂಗಫ್‌ವರೆಗೆ ನಮ್ಮವರ ಬಾಯಲ್ಲಿ ಓಡಾಡಿತು. ಗಲ್ಫಿಗೆ ಹೊರಟವರು ಸಲಹೆ ಕೇಳಿ ಬಂದರೆ ನಾನು ಹೇಳುವುದಿಷ್ಟು: ದೊಡ್ಡವನಿಗೆ ದೊಡ್ಡ ಉಪಕಾರ ಮಾಡಿದ್ದರೆ, ಅದನ್ನು ಅವನು ಮರೆಯಲಿ ಎಂದು ಬೇಡಿಕೊಳ್ಳಿ. ನೆನಪಿಟ್ಟರೆ ಅದನ್ನು ಹೊರಲಾರದೆ ನಿಮ್ಮ ಮೇಲೆಯೇ ಹೊರಿಸುತ್ತಾನೆ.

ಮೊದಲ ರಜೆಯಲ್ಲಿ ಮಲ್ಪೆಗೆ ಬಂದಾಗ, ನನಗಿಂತ ಮುಂಚೆ ಸುದ್ದಿ ಬಂದಿತ್ತು. ನನ್ನನ್ನು ನೀರಿಗೆ ಎಸೆದು ಈಜು ಕಲಿಸಿದ ಅಣ್ಣನೇ ಕೇಳಿದ, ನಿನ್ನನ್ನು ಯಾರೋ ಅರಬ್ಬಿ ಎತ್ತಿದನಂತಲ್ಲ ಎಂದು. ಮೊದಲಿನಿಂದ ಕೊನೆಯವರೆಗೆ ನಿಜ ಹೇಳಿದೆ. ಬಲೆ ಸರಿಮಾಡುತ್ತ ಎಲ್ಲ ಕೇಳಿಸಿಕೊಂಡ.

ಮರುದಿನ ದೋಣಿ ಹತ್ತುವಾಗ, "ನೀನು ಬದಿಯಲ್ಲಿ ಬೇಡ, ನಡುವಲ್ಲಿ ಕೂತ್ಕೋ" ಎಂದ.

ಕೂತೆ.